ಉಮ್ಮಚಗಿಯ ಅಂಗಳದಲ್ಲಿ ಒಣಗಿದ ದೋಣಿ

ಸಮುದ್ರವೇ ಇಲ್ಲದ ಮೂರು ತಾಲೂಕುಗಳಿಗೆ ಇರುವವನು ಒಬ್ಬನೇ ದೋಣಿವೈದ್ಯ, ಸಿದ್ದಾಪುರದ ಮನೋಹರ ನಾಯ್ಕ. ಗೋವಾದಲ್ಲಿ ಫೈಬರ್ ದೋಣಿಗಳ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಅರ್ಧ ಆಯುಷ್ಯ ಕಳೆದು, ಮಂಡಿಗಳೆರಡೂ ಕೈಕೊಟ್ಟ ಮೇಲೆ ಊರಿಗೆ ಮರಳಿದವನು. ಘಟ್ಟದ ಮೇಲೆ ದೋಣಿ ಎಲ್ಲಿಂದ ಬರಬೇಕು, ಇನ್ನು ನಿದ್ದೆಯೊಂದೇ ಕೆಲಸ ಎಂದುಕೊಂಡಿದ್ದ. ಆದರೆ ಅಣೆಕಟ್ಟುಗಳ ಹಿನ್ನೀರಿಗೆಂದು ಕರಾವಳಿಯ ಮುದಿ ದೋಣಿಗಳೆಲ್ಲ ಲಾರಿಯಲ್ಲಿ ಘಟ್ಟ ಹತ್ತತೊಡಗಿದವು. ಅವುಗಳ ಹಿಂದೆಯೇ ಮನೋಹರನಿಗೆ ಫೋನು ಬರತೊಡಗಿತು.

ಅವನ ಆಯುಧಗಳು ಪುಟ್ಟ ಸುತ್ತಿಗೆ, ಬ್ಯಾಟರಿ, ದಬ್ಬಣ ಮತ್ತು ತೇವ ಅಳೆಯುವ ಮೀಟರು. ಮೀಟರನ್ನು ಮಳೆಗಾಲದಲ್ಲಿ ಚೀಲದಿಂದ ತೆಗೆಯುವುದಿಲ್ಲ. ಆಗ ಅದು ದೋಣಿ, ಮನೆಯ ಗೋಡೆ, ಮಾಲೀಕರ ಅಂಗೈ ಎಲ್ಲವನ್ನೂ ಒಂದೇ ಸಮ ಒದ್ದೆ ಎಂದು ಸಾರುತ್ತದೆ.

ನಿವೃತ್ತ ಪಿ.ಟಿ. ಟೀಚರ್ ಪರಿಮಳಾ ಹೆಗಡೆಯವರು ಹುಡುಗಿಯರಿಗೆ ಹಾಯಿ ಕಟ್ಟಲು ಕಲಿಸಬೇಕೆಂದು ಒಂದು ಹಳೆಯ ಹಾಯಿದೋಣಿ ಕೊಂಡಿದ್ದರು. ದೀಪಾವಳಿಯ ಹೊತ್ತಿಗೆ ಅದನ್ನು ಹಿನ್ನೀರಿನಿಂದ ಎತ್ತಿದಾಗ ತಳದ ತುಂಬ ಕರಿದ ಹಪ್ಪಳದಂತೆ ಗುಳ್ಳೆಗಳು. ಹೊರಪದರದೊಳಕ್ಕೆ ನೀರು ನುಗ್ಗಿತ್ತು. ಉಪ್ಪುನೀರಿಗಿಂತ ಸಿಹಿನೀರೇ ಈ ವಿಷಯದಲ್ಲಿ ಹೆಚ್ಚು ಕಿಡಿಗೇಡಿ.

“ಗುಳ್ಳೆ ಒಡೆದು, ತೊಳೆದು, ಒಣಗಿಸಬೇಕು” ಎಂದಿದ್ದ ಮನೋಹರ. ಪರಿಮಳಾ ಅವರ ಅಣ್ಣ, ಉಮ್ಮಚಗಿಯ ದೇವರು ಹೆಗಡೆ, ಮೊದಲಿನ ಎರಡನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಜೀವಮಾನವೆಲ್ಲ ಅಡಿಕೆ ಒಣಗಿಸಿದವರು. ಬಿಸಿಲಿಗೆ ಹಾಕಿದರೆ ಗುಣವಾಗದ್ದು ಯಾವುದಿದೆ? ದೋಣಿಯನ್ನು ತಮ್ಮ ಅಂಗಳಕ್ಕೆ ತರಿಸಿ, ಮಗ್ಗುಲು ಬದಲಿಸುತ್ತ, ಬೇಸಿಗೆಯವರೆಗೂ ಒಣಗಿಸಿದರು. ಗುಳ್ಳೆಗಳು ಮಾಯವಾದವು.

“ನೋಡೇ ಕೂಸೆ, ಒಂದೂ ಇಲ್ಲೆ!” ಎಂದು ತಂಗಿಗೆ ತೋರಿಸಿ, ಮನೋಹರನನ್ನು ಕರೆಸಿದರು.

ಮನೋಹರ ಎರಡು ಬಸ್ಸು ಬದಲಿಸಿ ಬಂದು, ನಿಟ್ಟುಸಿರಿಟ್ಟು ದೋಣಿಯ ಕೆಳಗೆ ತೆವಳಿದ. ತಳ ನುಣ್ಣಗಿತ್ತು, ಮೀಟರೂ ಒಣಗಿದೆ ಎಂದಿತು. ದಬ್ಬಣ ಚುಚ್ಚಲು ಒಂದು ಗುಳ್ಳೆಯೂ ಇರಲಿಲ್ಲ. ಗುಣವಾಗಿದೆ ಎಂದುಬಿಟ್ಟರೆ ಚಹಾ ಕುಡಿದು ಸಂಜೆಯ ಬಸ್ಸು ಹಿಡಿಯಬಹುದಿತ್ತು. ಮಂಡಿಗಳೆರಡೂ ಅದಕ್ಕೇ ಓಟು ಹಾಕಿದವು.

“ಮಕ್ಕಳನ್ನ ಕೂರಿಸ್ಬಹುದಾ ಮನೋಹರಣ್ಣ? ನಂಗೆ ಅಷ್ಟೇ ಗೊತ್ತಾಗ್ಬೇಕು” ಎಂದರು ಪರಿಮಳಾ.

ಮನೋಹರ ಕಣ್ಣು ಮುಚ್ಚಿದ. “ಗೊತ್ತಿಲ್ಲ ಅಕ್ಕಾ. ಗುಳ್ಳೆ ಹೋಗಿಲ್ಲ, ಒಣಗಿ ಅಡಗ್ಯದೆ. ಎಲ್ಲೆಲ್ಲಿ ಅಂತ ತಿಳೀಬೇಕಾದ್ರೆ ಮತ್ತೆ ನೆನೆಸಿ ನೋಡ್ಬೇಕು.”

“ನೆನೆಸೂದಾ!” ದೇವರು ಹೆಗಡೆಯವರ ಕೂಗಿಗೆ ನಾಯಿ ಎದ್ದು ಹೋಯಿತು. “ಇದ್ರ ಮಗ್ಗುಲು ಬದಲ್ಸಿ ನನ್ನ ಸೊಂಟ ಹೋತು ಮಾರಾಯಾ. ಅಡಕೆ ಒಣಗ್ಸಿ ಮತ್ತೆ ನೆನೆಸ್ದವ್ರನ್ನ ಎಲ್ಲಾದ್ರೂ ಕಂಡಿದ್ಯಾ?”

“ನಮ್ಮ ಮಂಡಿನೂ ಹೋಗ್ಯದೆ ಹೆಗಡೇರೆ. ಆದ್ರೂ ನೆನೆಸ್ಬೇಕು.”

ದೋಣಿ ಮಳೆಗಾಲವಿಡೀ ಕೆರೆಯಲ್ಲಿ ತೇಲಿತು. ಎತ್ತಿದ ದಿನವೇ ಮನೋಹರ ಮತ್ತೆ ಬಂದ. ಗುಳ್ಳೆಗಳು ಬಳಗ ಸಮೇತ ಹಾಜರಿದ್ದವು. ಒಂದಕ್ಕೆ ದಬ್ಬಣ ತಾಗಿಸಿದಾಗ ಅಂಟುನೀರು ಚಿಮ್ಮಿ ದೇವರು ಹೆಗಡೆಯವರ ಬೆರಳಿಗೆ ಬಿತ್ತು. ಅವರು ಮೂಸಿದರು.

“ಕೂಸೆ, ಇದು ಕೆಟ್ಟ ಮಿಡಿ ಉಪ್ಪಿನಕಾಯಿ ವಾಸನೆ!”

“ಅಣ್ಣಯ್ಯ, ಬಾಯಿಗೆ ಹಾಕಡ!”

ಇನ್ನು ಉಳಿದದ್ದು ಎಲುಬಿನ ಪರೀಕ್ಷೆ. ಪದರಗಳು ಒಳಗೇ ಬಿಟ್ಟುಕೊಂಡಿದ್ದರೆ ಸುತ್ತಿಗೆಗೆ ದಬ್ ಎಂಬ ಸತ್ತ ದನಿ ಬರುತ್ತದೆ. ಹಾಗೆ ಬಂದರೆ ಪರಿಮಳಾ ಅವರ ದೋಣಿ ದನಗಳು ನೀರು ಕುಡಿಯುವ ಬಾನಿಯಾಗುವುದೇ ಸರಿ. ಮನೋಹರ ಅಂಗಾತ ತೆವಳುತ್ತ ಗೇಣುಗೇಣಿಗೂ ಬಡಿದ. ಟಣ್, ಟಣ್, ಟಣ್. ಪರಿಮಳಾ ಉಸಿರು ಬಿಗಿಹಿಡಿದು ಜೊತೆಜೊತೆಗೆ ಸರಿದರು. ಹಿಂತುದಿಯ ಹತ್ತಿರ ದಬ್ ಎಂದಿತು.

“ಅಯ್ಯೋ! ಹೋತು!”

“ಇಲ್ಲ ಅಕ್ಕಾ,” ಕೆಳಗಿನಿಂದ ದಣಿದ ದನಿ ಬಂತು. “ಅದು ನನ್ನ ಮಂಡಿ.”

ಕೊನೆಯ ಗೇಣನ್ನೂ ಬಡಿದು ಮನೋಹರ ಸುತ್ತಿಗೆ ಕೆಳಗಿಟ್ಟ. “ರೋಗ ಚರ್ಮದ್ದು. ಎಲುಬು ಗಟ್ಟಿ ಅದೆ. ಮಕ್ಕಳನ್ನ ಕೂರಿಸ್ಬಹುದು. ಮೊದ್ಲು ಗುಳ್ಳೆ ಎಲ್ಲ ಒಡ್ದು, ಮತ್ತೆ ಮತ್ತೆ ತೊಳ್ದು, ಆಮೇಲೆ ಒಣಗಿಸ್ಬೇಕು.”

“ಒಣಗಿಸೂದು ನಂಗೆ ಬಿಡು!” ದೇವರು ಹೆಗಡೆಯವರ ಸೊಂಟ ಆ ಕ್ಷಣವೇ ನೆಟ್ಟಗಾಯಿತು.

ಪರಿಮಳಾ ಕಣ್ಣೊರೆಸಿಕೊಂಡು ಬಗ್ಗಿ ನೋಡಿದರು. “ನೀರಿಗಿಳಿದ ದಿನ ಮೊದಲ ಸವಾರಿ ನಿಮ್ಮದೇ, ಮನೋಹರಣ್ಣ.”

ಇಷ್ಟು ವರ್ಷ ದೋಣಿಗಳ ಕೆಳಗೇ ಇದ್ದವನು, ಒಮ್ಮೆಯೂ ಮೇಲೆ ಕೂತವನಲ್ಲ. ಮನೋಹರ ಏಳದೆ, ಕಣ್ಣೂ ತೆರೆಯದೆ ಕೇಳಿದ:

“ಅದ್ರಲ್ಲಿ ಮಲಗೂಕೆ ಜಾಗ ಅದ್ಯಾ ಅಕ್ಕಾ?”