ಮೇಷ್ಟ್ರಿಗೆ ಕೊಟ್ಟ ಎಡಗೈ

ಕಿಕ್ಕೇರಿ ಬಸ್‌ಸ್ಟ್ಯಾಂಡಿನಲ್ಲಿ ಇವತ್ತು ಸ್ಕೌಟ್ ಸ್ಕಾರ್ಫು ಕಟ್ಟಿದ ಮೇಷ್ಟ್ರೊಬ್ಬರು ನಿಂತಿದ್ದರು. ನಾನು ಓದಿದ ಶಾಲೆಯ ಸ್ಕೌಟ್ ದಳಕ್ಕೆ ಹೊಸದಾಗಿ ಬಂದವರಂತೆ.

ಸ್ಕೌಟುಗಳು ಕೈ ಕುಲುಕುವುದು ಎಡಗೈಯಲ್ಲಿ. ಅದು ಹೃದಯಕ್ಕೆ ಹತ್ತಿರದ ಕೈ ಎಂದು ಕಲಿಸಿದವರು ನಶ್ಯದ ಘಾಟಿನ ನಮ್ಮ ಹಳೆಯ ಮೇಷ್ಟ್ರು. "ದೊಡ್ಡೋರ್ಗೆ ಎಡಗೈ ಕೊಡ್ತಾರೇನ್ಲಾ?" ಎಂದು ಅಜ್ಜಿ ಬೈದರೂ ನಾವು ಬಿಡಲಿಲ್ಲ.

ಆ ಮೇಷ್ಟ್ರು ನಿವೃತ್ತರಾದ ದಿನ ಅವರ ಜಾಗಕ್ಕೆ ಬಂದ ಮೇಷ್ಟ್ರು ಎಡಗೈ ಚಾಚಿದರೆ, ನಮ್ಮ ಗುಂಪಿನ ನಾಯಕ ಶಿವಣ್ಣ ಬೇಕಂತಲೇ ಬಲಗೈ ಕೊಟ್ಟ. ಹೊರಗಿನವರಿಗೆ ಕೊಡುವ ಹಾಗೆ.

ಹಳೆಯ ಮೇಷ್ಟ್ರು ಗದರಿದರು: "ಲೇ, ನಂಗ್ ಕೊಡ್ತಿದ್ದ ಕೈನೇ ಅವ್ರಿಗೂ ಕೊಡ್ಲಾ. ನಾನ್ ಹೋದ್ರೂ ದಳ ಇಲ್ಲೇ ಇರ್ತದೆ ಕಣ್ಲಾ."

ಶಿವಣ್ಣ ಅಳುತ್ತಲೇ ಎಡಗೈ ಕೊಟ್ಟ.

ಇವತ್ತಿನ ಮೇಷ್ಟ್ರ ಹತ್ತಿರ ಹೋಗಿ, "ನಾನೂ ಅದೇ ದಳದೋನು ಸಾ" ಎಂದೆ. ಎಡಗೈಯಲ್ಲಿದ್ದ ತರಕಾರಿ ಚೀಲವನ್ನು ಬಲಗೈಗೆ ಬದಲಿಸಿಕೊಂಡೆ.