ಒಂದೂವರೆಗೆ ತೆರೆದ ಪೆಟ್ಟಿಗೆ

ಆ ದಿನ ನಾನು ಮಾಡಿದ ಕೆಲಸಗಳು ಇಷ್ಟು. ಐದಕ್ಕೆ ಎದ್ದು ನಲ್ಲಿ ನೀರು ಹಿಡಿದೆ. ಎಂಟು ರೊಟ್ಟಿ ಬಡಿದೆ, ಪುಂಡಿ ಸೊಪ್ಪು ಬಿಡಿಸಿ ಪಲ್ಯ ಮಾಡಿದೆ. ಮನೆಯವರ ಬಿ.ಪಿ. ಮಾತ್ರೆ ತೆಗೆದಿಟ್ಟೆ. ಎಂಟೂ ಮುಕ್ಕಾಲಿಗೆ ಯೂನಿಟ್ಟಿನ ಶಟರ್ ಎತ್ತಿ, ಮಷೀನುಗಳಿಗೆ ಎಣ್ಣೆ ಬಿಟ್ಟು, ಸೂಜಿ ಹಂಚಿದೆ. ಒಂಬತ್ತಕ್ಕೆ ಇಪ್ಪತ್ತಾರು ಜನರ ಫೋನುಗಳನ್ನು ತಗಡಿನ ಪೆಟ್ಟಿಗೆಗೆ ಹಾಕಿ ಬೀಗ ಜಡಿದೆ.

ಇದು ಹೋದ ವರ್ಷದ ಮಾತು. ರಾಯದುರ್ಗದ ಒಂದು ಜೀನ್ಸ್ ಯೂನಿಟ್ಟಿನಲ್ಲಿ ನಾನು ಲೈನ್ ಸೂಪರ್‌ವೈಸರ್. ಲೈನ್ ಎಂದರೆ ಸಾಲಾಗಿ ಕೂತ ಮಷೀನುಗಳು. ಒಬ್ಬಳು ಜೇಬು ಕೂಡಿಸಿದರೆ ಮುಂದಿನವಳು ಜಿಪ್ ಹಚ್ಚುತ್ತಾಳೆ, ಅವಳ ಮುಂದಿನವಳು ಸೊಂಟಪಟ್ಟಿ. ನಡುವೆ ಒಬ್ಬಳು ಎದ್ದರೆ ಉಳಿದವರು ಕೈಕಟ್ಟಿ ಕೂರಬೇಕು. ಫೋನಿನ ನಿಯಮ ಮಾಡಿದವಳು ನಾನೇ. ಒಬ್ಬ ಹುಡುಗಿ ಫೋನ್ ನೋಡುತ್ತ ಹೊಲಿಯುವಾಗ ಸೂಜಿ ಅವಳ ಬೆರಳಿನಲ್ಲೇ ಮುರಿದಿತ್ತು. ಅಂದಿನಿಂದ ಪೆಟ್ಟಿಗೆ ಬಂತು. ಬೀಗದ ಕೈ ನನ್ನ ಸೊಂಟದಲ್ಲಿರುತ್ತಿತ್ತು. ಮಧ್ಯಾಹ್ನ ಒಂದೂವರೆಗೆ, ಊಟದ ಹೊತ್ತಿಗೆ ತೆರೆಯುತ್ತಿದ್ದೆ.

ಹಿಂದಿನ ರಾತ್ರಿ ಗಲ್ಫ್ ಕಡೆಯ ಒಂದು ಊರಿನ ಮೇಲೆ ಯುದ್ಧವಿಮಾನಗಳು ಬಾಂಬು ಹಾಕಲು ಶುರುಮಾಡಿದ್ದವು. ಬೆಳಿಗ್ಗೆ ಎಲ್ಲರ ಬಾಯಲ್ಲೂ ಅದೇ. ನಮ್ಮ ಜಿಪ್ ಹಚ್ಚುವ ಹನುಮಕ್ಕ ಗುಮ್ಮಘಟ್ಟದಿಂದ ಆಟೊದಲ್ಲಿ ಬರುವವಳು. ಅವಳ ತಂಗಿ ಸರೋಜ ಮೂರು ವರ್ಷದಿಂದ ಅದೇ ಊರಿನಲ್ಲಿ ಮನೆಗೆಲಸಕ್ಕಿದ್ದಳು.

“ಅಕ್ಕಾರ, ಇವತ್ತೊಂದಿನ ಫೋನ್ ನನ್ನತ್ರ ಇರ್ಲಿ. ರಾತ್ರಿಯಿಂದ ಆಕಿ ಸಿಕ್ಕಿಲ್ರಿ.”

“ನಿನಗೊಬ್ಬಾಕಿಗೆ ಬಿಟ್ರ ಎಲ್ಲಾರಿಗೂ ಬಿಡಬೇಕಾಗ್ತೈತಿ. ಹಾಕವ್ವ,” ಎಂದೆ. ಹಾಕಿದಳು.

ಹತ್ತಕ್ಕೆ ಕರೆಂಟ್ ಹೋಯಿತು. ಮಷೀನುಗಳ ಸದ್ದು ನಿಂತದ್ದೇ ಪೆಟ್ಟಿಗೆಯೊಳಗೆ ಒಂದು ಫೋನ್ ಬಡಕೊಳ್ಳುವುದು ಕೇಳಿಸಿತು. ನಿಂತಿತು. ಮತ್ತೆ ಬಡಕೊಂಡಿತು.

“ನಂದ್ರಿ ಅದು!” ಎಂದು ಹನುಮಕ್ಕ ಎದ್ದಳು.

ಸೊಂಟಪಟ್ಟಿ ಹಚ್ಚುವ ರತ್ನ ನಕ್ಕಳು. “ಅಷ್ಟು ಫೋನ್‌ನಾಗ ನಿಂದ ಅಂತ ಹೆಂಗ ಗೊತ್ತಾತವ್ವ? ನನ್ನ ಗಂಡನೂ ಇರಬೌದು, ಉಪ್ಪಿನ ಡಬ್ಬಿ ಎಲ್ಲೈತಿ ಅಂತ ಕೇಳಾಕ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಂದು ಗಂಟೆಗೆ ಲಾರಿ ಬರುವುದಿತ್ತು, ಇನ್ನೂ ನೂರಾ ಎಂಬತ್ತು ಪ್ಯಾಂಟು ಬಾಕಿ.

“ಕಾಲಿಗೆ ಬೀಳ್ತೀನ್ರಿ ಅಕ್ಕಾರ, ಒಂದ್ಸಲ ತೆಗೀರಿ.”

“ಬಿದ್ದು ಏಳೋದ್ರಾಗ ಎರಡು ಜಿಪ್ ಹಚ್ಚಬೌದು. ಕುಂದ್ರು. ಒಂದೂವರೆಗೆ ಹೊಟ್ಟಿತುಂಬ ಮಾತಾಡುವಂತಿ.”

ಅಷ್ಟರಲ್ಲಿ ಕರೆಂಟ್ ಬಂತು. ಮಷೀನುಗಳು ಶುರುವಾದ ಮೇಲೆ ಪೆಟ್ಟಿಗೆಯ ಸದ್ದು ಯಾರಿಗೂ ಕೇಳಿಸಲಿಲ್ಲ. ಹನುಮಕ್ಕ ತಲೆ ಎತ್ತದೆ ಹೊಲಿದಳು. ಹೊಲಿದದ್ದನ್ನು ಪರೀಕ್ಷಿಸಲು ಕೂತ ನನಗೆ ಅವಳ ಒಂದು ಹೊಲಿಗೆಯೂ ವಾರೆಯಾದದ್ದು ಸಿಗಲಿಲ್ಲ. ಲಾರಿ ಸರಿಯಾದ ಹೊತ್ತಿಗೆ ಹೋಯಿತು.

ಒಂದೂವರೆಗೆ ಬೀಗ ತೆಗೆದೆ. ಅವಳ ಫೋನಿನಲ್ಲಿ ಹದಿನಾಲ್ಕು ಮಿಸ್ಡ್ ಕಾಲ್, ಎರಡು ವಾಯ್ಸ್ ಮೆಸೇಜ್. ಅವಳು ಹಚ್ಚಿದಳು, ಎಲ್ಲರೂ ಕೇಳಿದೆವು.

“ಅಕ್ಕಾ, ನಾ ಕೆಲಸಕ್ಕಿರೋ ಮನಿಯೋರು ರಾತ್ರಿನೇ ಬಿಟ್ಟು ಹೋಗ್ಯಾರ. ನನ್ನ ಪಾಸ್‌ಪೋರ್ಟ್ ಅವರತ್ರನೇ ಐತಿ. ನಮ್ಮ ಕಡೆಯೋರು ಗಡಿ ದಾಟಾಕ ಬಸ್ ಮಾಡ್ಯಾರ, ಪಾಸ್‌ಪೋರ್ಟಿನ ಫೋಟೊ ತೋರಿಸಿದ್ರ ಸಾಕಂತ. ನನ್ನ ಹಳೇ ಫೋನ್ ಕೆಟ್ಟಾಗ ಅದು ಹೋತು, ನಿನ್ನತ್ರ ಐತಲ್ಲ, ಲಗೂನ ಕಳಿಸು. ಇಲ್ಲಿ ಒಂಬತ್ತಕ್ಕೆ ಬಸ್ ಬಿಡ್ತೈತಿ.”

ಅಲ್ಲಿ ಒಂಬತ್ತು ಎಂದರೆ ಇಲ್ಲಿ ಹನ್ನೊಂದೂವರೆ. ಎರಡನೆಯ ಮೆಸೇಜಿನಲ್ಲಿ ಬಸ್ಸಿನ ಇಂಜಿನ್ ಸದ್ದು, ನಡುವೆ ಒಂದೇ ಮಾತು. “ಅಕ್ಕಾ, ಎತ್ತವಲ್ಲೆ ಯಾಕ?”

ಹನುಮಕ್ಕ ಫೋಟೊ ಹುಡುಕಿ ಕಳಿಸಿದಳು. ಒಂದು ಟಿಕ್ ಬಿತ್ತು. ಎರಡನೆಯದು ಬೀಳಲೇ ಇಲ್ಲ. ಹತ್ತಾರು ಸಲ ಫೋನ್ ಮಾಡಿದಳು, ಸ್ವಿಚ್ ಆಫ್. ಎರಡೂಕಾಲಿಗೆ, ಊಟದ ಹೊತ್ತು ಮುಗಿಯಿತೆಂದು ನಾನು ಗಂಟೆ ಬಾರಿಸಿದೆ. ಹೌದು, ಬಾರಿಸಿದೆ.

ನಾಲ್ಕನೆಯ ದಿನ ಆ ಬಸ್ಸಿನಲ್ಲಿ ಹೋಗಿದ್ದ ನಮ್ಮ ಕಡೆಯ ಡ್ರೈವರ್ ಒಬ್ಬ ಗಡಿಯಾಚೆಯಿಂದ ಹನುಮಕ್ಕನಿಗೆ ಫೋನ್ ಮಾಡಿದ. ಬಸ್ಸಿನವರೆಲ್ಲ ದಾಟಿದ್ದರು. ಫೋಟೊ ಇಲ್ಲದ ಸರೋಜ ಮಾತ್ರ ಹೋಗಲು ಬೇರೆ ಜಾಗವಿಲ್ಲದೆ ಆ ಖಾಲಿ ಮನೆಗೇ ವಾಪಸ್ ಹೋಗಿದ್ದಳು. ಅಲ್ಲೇ ಉಳಿದವರು ಅವನಿಗೆ ತಿಳಿಸಿದಂತೆ, ದಾಳಿ ಶುರುವಾದ ಎರಡನೆಯ ರಾತ್ರಿ ಆ ಕಟ್ಟಡದ ಮೇಲೆ ಬಾಂಬು ಬಿದ್ದಿತ್ತು. ಹೂಳಲು ಹೆಣವೂ ಗುಮ್ಮಘಟ್ಟಕ್ಕೆ ಬರಲಿಲ್ಲ.

ಆ ದಿನ ಬಟ್ಟೆ ತರಲು ಬಳ್ಳಾರಿಗೆ ಹೋಗಿದ್ದ ಓನರ್ ನನ್ನನ್ನು ಕರೆದು ಹೇಳಿದರು, “ನಾನಿದ್ದಿದ್ರ ಕೊಟ್ಟುಬಿಡ್ತಿದ್ದೆನವ್ವ. ಒಂದು ಫೋನಿಗೇನು?”

ನಾನು ಪೆಟ್ಟಿಗೆಯನ್ನು ಗುಜರಿಗೆ ಹಾಕಿದೆ. ಜೀನ್ಸ್ ತುಂಡುಗಳಿಂದ ಪ್ರತಿ ಮಷೀನಿನ ಪಕ್ಕ ಫೋನಿಡಲು ಒಂದೊಂದು ಚೀಲ ಹೊಲಿದು ಕಟ್ಟಿದೆ. ಹದಿಮೂರು ದಿನ ಕಳೆದು ಹನುಮಕ್ಕ ಕೆಲಸಕ್ಕೆ ಬಂದಳು. ಅವಳ ಚೀಲ ತೋರಿಸಿದೆ. ಬಿಚ್ಚಿ ನನ್ನ ಕೈಗೆ ಕೊಟ್ಟಳು.

“ನಂಗ್ಯಾಕ್ರಿ ಅಕ್ಕಾರ? ನನಗ ಇನ್ನ ಯಾರು ಮಾಡ್ತಾರ?”

ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಬೈಯಲಿಲ್ಲ, ಸೂಜಿ ಕೇಳಿದಳು. ಇಪ್ಪತ್ತೆರಡು ವರ್ಷದ ಕೆಲಸ ನನಗೆ ಕಲಿಸಿದ್ದು ಇದು: ನಿಯಮ ಎಂದುಬಿಟ್ಟರೆ ನಮ್ಮ ಕೈ ತೊಳೆದಂತಾಗುವುದಿಲ್ಲ. ಬೀಗದ ಕೈ ಯಾರ ಸೊಂಟದಲ್ಲಿದೆಯೋ, ತೆರೆಯದೆ ಉಳಿದ ಪ್ರತಿ ನಿಮಿಷವೂ ಅವರದೇ.

ಆ ಮೊದಲ ದಿನದ ಸಂಜೆ ನಾನು ಏನು ಮಾಡಿದೆ ಎಂಬುದನ್ನೂ ಬರೆದುಬಿಡುತ್ತೇನೆ. ಮನೆಗೆ ಹೋಗಿ ಬಿಸಿ ಅನ್ನಕ್ಕೆ ಶೇಂಗಾ ಚಟ್ನಿ, ಮಜ್ಜಿಗೆ ಹಾಕಿಕೊಂಡು ಉಂಡೆ. ಲಾರಿ ಹೊತ್ತಿಗೆ ಸರಿಯಾಗಿ ಹೋದದ್ದನ್ನು ಮನೆಯವರಿಗೆ ಹೇಳಿದೆ. ಅವರು ಟಿವಿಯಲ್ಲಿ ಬಾಂಬು ಬೀಳುವುದನ್ನು ನೋಡುತ್ತ ಕೂತಿದ್ದರು. ಮೊದಲು ಮಲಗಿದವಳು ನಾನೇ. ಒಳ್ಳೆಯ ನಿದ್ದೆ ಬಂತು.