ಹಿಂದಕ್ಕೆ ಕಟ್ಟಿದ ಕೈ

ನಮ್ಮ ಡ್ರಾಯಿಂಗ್ ಟೀಚರ್ ನೆನಪಾದರೆ ನನಗೆ ಮೊದಲು ಕಾಣುವುದು ಬೆನ್ನ ಹಿಂದೆ ಕಟ್ಟಿಕೊಂಡ ಅವರ ಕೈಗಳು. ಎಡಗೈ ಬಲಗೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿರುತ್ತಿತ್ತು. ಬಲಗೈ ಹೆಬ್ಬೆರಳಿನ ಉಗುರಿನಲ್ಲಿ ಸದಾ ನೀಲಿ ಬಣ್ಣ. ಬೆಂಚುಗಳ ನಡುವೆ ಹಾಗೆ ಓಡಾಡುವಾಗ ಆ ಬೆರಳುಗಳು ಮಾತ್ರ ಸುಮ್ಮನಿರುತ್ತಿರಲಿಲ್ಲ. ಗಾಳಿಯಲ್ಲೇ ಏನೋ ಗೀಚುತ್ತಿದ್ದವು. ಯಾರದೋ ಚಿತ್ರದಲ್ಲಿ ಮನೆ ವಾಲಿದೆ, ಯಾರದೋ ಆಕಳಿಗೆ ಐದನೆಯ ಕಾಲು ಬಂದಿದೆ, ಅದನ್ನು ತಿದ್ದಬೇಕೆಂದು ಬೆರಳುಗಳು ಒದ್ದಾಡುತ್ತಿದ್ದವು. ಟೀಚರ್ ಬಿಡುತ್ತಿರಲಿಲ್ಲ. ಹಿಂದಿನ ಬೆಂಚಿನ ನಾವು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು.

ಒಂದು ದಿನ ತಡೆಯಲಾರದೆ ನಾನೇ ಕೇಳಿಬಿಟ್ಟೆ, ನಿಮ್ಮ ಕೈಗೆ ಏನಾಗಿದೆ ಎಂದು.

"ನನ್ನ ಕೈಗೆ ಮಾತ ಭಾಳವ್ವಾ," ಎಂದರು. "ಬಿಟ್ರ ನಿಮ್ಮ ಚಿತ್ರದಾಗ ಬಂದು ತನ್ನದ ಹೇಳ್ತದ. ಅದಕ್ಕ ಹಿಡಕೊಂಡೇನಿ."

ನಾನು ಮಿರಜದ ಹತ್ತಿರದ ಖಂಡೇರಾಜುರಿಯ ಕುರಿ ಸಾಕುವ ಕನ್ನಡದ ಮನೆಯವಳು. ಐದನೆಯ ಇಯತ್ತೆಗೆ ಮಿರಜದ ಕ್ರೈಸ್ತ ಶಾಲೆಯ ಬೋರ್ಡಿಂಗಿಗೆ ಸೇರಿದಾಗ ನನ್ನ ಹತ್ತಿರ ಇದ್ದದ್ದು ಒಂದು ತಗಡಿನ ಟ್ರಂಕು, ಅಜ್ಜ ನೂತ ನೂಲಿನ ಒಂದು ಕರಿ ಕಂಬಳಿ. ಶಾಲೆಯೆಲ್ಲ ಮರಾಠಿ. ನನ್ನದು ಸಂತೆಯ ಮರಾಠಿ. ಕುರಿ ಮಾರುವುದಕ್ಕೆ ಸಾಕಾಗುತ್ತಿತ್ತು, ನಿಬಂಧ ಬರೆಯುವುದಕ್ಕೆ ಸಾಲುತ್ತಿರಲಿಲ್ಲ. ಟೀಚರ್ ಗದಗಿನ ಕಡೆಯವರು. ಗಂಡ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದರಿಂದ ಮಿರಜಕ್ಕೆ ಬಂದು ನಿಂತಿದ್ದರು. ಮೊದಲ ದಿನ ನನ್ನ ಕಂಬಳಿ ನೋಡಿ, ಯಾವೂರವ್ವಾ ನಿಂದು ಎಂದು ಕನ್ನಡದಲ್ಲಿ ಕೇಳಿದರು. ಅಷ್ಟಕ್ಕೇ ನನಗೆ ಅಳು ಬಂತು.

ಹಾಗೆಂದು ಅವರು ಮುದ್ದು ಮಾಡುವವರಾಗಿರಲಿಲ್ಲ. ಕಾಗದದ ವಿಷಯದಲ್ಲಿ ಜುಗ್ಗತನ. ಒಂದು ಹಾಳೆಯ ಎರಡೂ ಮಗ್ಗುಲು ತುಂಬುವವರೆಗೆ ಇನ್ನೊಂದು ಕೊಡುತ್ತಿರಲಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಅಪಸ್ವರದಲ್ಲಿ ಹಾಡುತ್ತಿದ್ದರು. ಚಂದ ಆಗಿದೆ ಎಂಬ ಮಾತು ಅವರ ಬಾಯಿಂದ ಹೊರಟದ್ದನ್ನು ನಾನು ಕೇಳಿಲ್ಲ. ಚಿತ್ರ ತೋರಿಸಿದರೆ ಕತ್ತು ಓರೆ ಮಾಡಿ ನೋಡಿ, "ಮತ್ತ ಅಲ್ಲಿ ಇನ್ನೇನ ಇತ್ತು?" ಎನ್ನುತ್ತಿದ್ದರು. ಒಬ್ಬ ಹುಡುಗಿ ಶಾಬಾಸ್‌ಗಾಗಿ ಕಾದು ಕಾದು ಅತ್ತಳು. ಅವಳಿಗೂ ಅದೇ ಪ್ರಶ್ನೆ. ಅವಳು ಮೂಗು ಒರೆಸಿಕೊಂಡು ಹೋಗಿ, ಬಾವಿಯ ಚಿತ್ರದಲ್ಲಿ ಬಿಟ್ಟುಹೋಗಿದ್ದ ಹಗ್ಗವನ್ನು ಬರೆದು ತಂದಳು. ಆಗ ನಮಗೆಲ್ಲ ಟೀಚರ್ ಮೇಲೆ ಸಿಟ್ಟು ಬಂದಿತ್ತು, ನನಗೆ ಎಲ್ಲರಿಗಿಂತ ಹೆಚ್ಚು.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ದೀಪಾವಳಿಗೆ ಮನೆಗೆ ಹೋಗಿದ್ದೆ. ಅಜ್ಜನಿಗೆ ನಡೆಯಲಾಗುತ್ತಿರಲಿಲ್ಲ, ಮರಿ ನೋಡುವವರು ಯಾರೂ ಇರಲಿಲ್ಲ. ಮುಂದೆ ಕ್ರಿಸ್‌ಮಸ್ ರಜೆಗೆ ಬಂದ ಮೇಲೆ ತಿರುಗಿ ಶಾಲೆಗೆ ಹೋಗುವುದು ಬೇಡ ಎಂದು ಅಪ್ಪ ಹೇಳಿದ. ಅಪ್ಪನಿಗೆ ಎದುರಾಡುವ ರೂಢಿ ನಮ್ಮಲ್ಲಿಲ್ಲ. ಶಾಲೆಗೆ ಮರಳಿ ಬಂದು ಟೀಚರ್ ಮುಂದೆ ಎಲ್ಲ ಹೇಳಿಕೊಂಡೆ. ಅವರು ಅಪ್ಪನಿಗೆ ಕಾಗದ ಬರೆಯುತ್ತಾರೆ, ಹೆಡ್‌ಮಿಸ್ಟ್ರೆಸ್‌ಗೆ ಹೇಳುತ್ತಾರೆ ಎಂದು ನನ್ನ ಲೆಕ್ಕ. ಅವರು ಸುಮ್ಮನೆ ಕೇಳಿಸಿಕೊಂಡು, ಕ್ರಿಸ್‌ಮಸ್ ಗೋದಲಿಯ ಕೆಲಸ ಶುರುವಾಗುತ್ತದೆ, ನಿಮ್ಮ ವರ್ಗದ ಪಾಲಿಗೆ ಕುರಿಗಳು ಬಂದಿವೆ ಎಂದರು. ಆ ರಾತ್ರಿ ನಾನು ಊಟ ಮಾಡಲಿಲ್ಲ.

ಕ್ರಿಸ್‌ಮಸ್‌ಗೆ ಶಾಲೆಯ ಪಡಸಾಲೆಯಲ್ಲಿ ಯೇಸು ಹುಟ್ಟಿದ ಗೋದಲಿಯನ್ನು ಕಟ್ಟುತ್ತಿದ್ದರು. ಕುರಿ ಎಂದರೆ ಬೆಂಕಿಕಡ್ಡಿಯ ಕಾಲು, ಬಿಳಿ ಅರಳೆಯ ಮೈ. ಮೇಜಿನ ಮೇಲೆ ಅರಳೆಯ ಸುರುಳಿ ಇಟ್ಟಿದ್ದರು. ಎಲ್ಲರೂ ಕಿತ್ತುಕೊಂಡರು, ನಾನು ಮುಟ್ಟಲಿಲ್ಲ. ಯಾಕೆ ಎಂದು ಟೀಚರ್ ಕೇಳಿದರು. ಕುರಿ ಹೀಗಿರುವುದಿಲ್ಲ ಎಂದೆ.

"ಮತ್ತ ಹೆಂಗ ಇರ್ತಾವ?"

"ಕರೇವು ಇರ್ತಾವ್ರಿ. ಒಂದರಂಗ ಒಂದ ಇರಂಗಿಲ್ಲ."

ಹುಡುಗಿಯರು ನಕ್ಕರು. ಟೀಚರ್ ಕೈ ಹಿಂದೆ ಕಟ್ಟಿಕೊಂಡು, "ಹಂಗಾರ ನೀ ನೋಡಿದ್ದ ಮಾಡು," ಎಂದರು.

ಕರಿ ಉಣ್ಣೆ ಎಲ್ಲಿಂದ ತರಬೇಕು? ಬೋರ್ಡಿಂಗಿನಲ್ಲಿ ಇದ್ದದ್ದು ನನ್ನ ಕಂಬಳಿ ಒಂದೇ. ಅದರ ಅಂಚಿನ ಎಳೆ ಬಿಡಿಸಿ, ಬೆರಳಲ್ಲಿ ಹಿಂಜಿ, ಮಣ್ಣಿನ ಮೈಗೆ ಗೋಂದಿನಿಂದ ಅಂಟಿಸಿದೆ. ಒಂದು ಕುರಿಗೆ ಸಾಕು ಎಂದುಕೊಂಡವಳು ಒಂಬತ್ತು ಮಾಡಿದೆ. ಮೋಟು ಕಿವಿಯದು, ಹಣೆಯಲ್ಲಿ ಬಿಳಿ ಚುಕ್ಕೆ ಇದ್ದದ್ದು, ಯಾವಾಗಲೂ ಮಂದೆಗೆ ಬೆನ್ನು ಹಾಕಿ ನಿಲ್ಲುವ ಮುದಿ ಕುರಿ. ಇನ್ನು ಮನೆಯಲ್ಲಿ ಅವುಗಳ ಜೊತೆಯಲ್ಲೇ ಇರಬೇಕಾದವಳು ಇಲ್ಲಿ ಕೂತು ಅವನ್ನೇ ಮಾಡುತ್ತಿದ್ದೇನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ಆದರೂ ಕೈ ನಿಲ್ಲಲಿಲ್ಲ. ಮುಗಿಯುವ ಹೊತ್ತಿಗೆ ಕಂಬಳಿಯ ಒಂದು ಮೂಲೆ ಮೊಳದಷ್ಟು ಹೋಗಿತ್ತು.

ರಜೆ ಬೀಳುವ ಮೊದಲಿನ ಶನಿವಾರ ಅಪ್ಪ ಬಂದ. ನಮ್ಮ ಮಂದೆ ಆಗ ಮಿರಜದ ಹೊರಗೆ ಕಬ್ಬು ಕಡಿದ ಒಂದು ಹೊಲದಲ್ಲಿ ಬೀಡು ಬಿಟ್ಟಿತ್ತು. ಟ್ರಂಕು ತುಂಬಿಕೊಂಡು ನಾನು ಪಡಸಾಲೆಯಲ್ಲಿ ನಿಂತಿದ್ದೆ. ಅಪ್ಪ ಗೋದಲಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಒಂದು ಕುರಿ ಎತ್ತಿ ಬೆನ್ನು ಸವರಿ, ನನ್ನ ಕಡೆ ನೋಡಿದ. ಇದು ನಮ್ಮ ಕಂಬಳಿಯ ಉಣ್ಣೆ ಅಲ್ಲವೇ ಎಂದ. ಉಣ್ಣೆ ಯಾವ ಮಂದೆಯದು ಎಂದು ಮುಟ್ಟಿ ಹೇಳುವವನು ಅವನು. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. ಅಜ್ಜ ನೂತದ್ದನ್ನು ಕಿತ್ತಿದ್ದೀಯಾ ಎಂದು ಬಯ್ಯಲು ಶುರುಮಾಡಿದ. ಟೀಚರ್ ಬಂದು, ತಪ್ಪು ತನ್ನದು, ನೋಡಿದ್ದನ್ನು ಮಾಡು ಎಂದು ಹೇಳಿದವಳು ತಾನು ಎಂದರು.

ಅಪ್ಪ ಮತ್ತೆ ಕುರಿಗಳ ಕಡೆ ತಿರುಗಿದ. ಒಂದೊಂದನ್ನೇ ಬೆರಳಿನಿಂದ ಮುಟ್ಟುತ್ತ ಹೆಸರು ಹೇಳಿದ. ಒಂಬತ್ತಕ್ಕೆ ಒಂಬತ್ತೂ ಹೇಳಿದ. ಸಿಟ್ಟು ಇಳಿಯಿತು, ನಾನು ಬದುಕಿದೆ ಎಂದುಕೊಂಡೆ.

"ನೋಡ್ರಿ ಅಕ್ಕಾರ," ಎಂದ ಅಪ್ಪ. "ಇಷ್ಟ ಬರೋಬರಿ ಗುರ್ತ ಇಟ್ಟಾಕಿ ಇಲ್ಲಿ ಯಾಕ ಕುಂದ್ರಬೇಕ್ರಿ? ಈಕಿ ಕುರಿ ಹಿಂದ ಇರಬೇಕಾದಾಕಿ."

ನಾನೇ ಮಾಡಿದ ಕುರಿಗಳು ನನ್ನನ್ನೇ ಮನೆಗೆ ಎಳೆದೊಯ್ಯಲು ನಿಂತಿದ್ದವು. ಟೀಚರ್ ಆಗಲೂ ವಾದ ಮಾಡಲಿಲ್ಲ. ಅಪ್ಪನ ಸೊಂಟದಲ್ಲಿ ಸಿಕ್ಕಿಸಿದ್ದ ತಕಲಿಯನ್ನು ನೋಡಿದರು. ನಮ್ಮ ಗಂಡಸರು ಕುರಿಯ ಹಿಂದೆ ನಡೆಯುತ್ತಲೇ ಅದರಲ್ಲಿ ಉಣ್ಣೆ ನೂಲುತ್ತಾರೆ. ಸೋಮವಾರ ಬಂದು ನಮ್ಮ ಮಕ್ಕಳಿಗೆ ನೂಲುವುದನ್ನು ಕಲಿಸುತ್ತೀರಾ, ಆಮೇಲೆ ಮಗಳನ್ನು ಕರೆದುಕೊಂಡು ಹೋಗಿರಿ ಎಂದು ಕೇಳಿದರು. ಶಾಲೆಯಲ್ಲಿ ತನ್ನಿಂದ ಕಲಿಯುವುದು ಏನಿದೆ ಎಂದು ಅಪ್ಪ ನಕ್ಕ. ಆದರೆ ಸೋಮವಾರ ತಲೆಗೆ ಹೊಸ ಪಟಕಾ ಸುತ್ತಿಕೊಂಡು, ಗೋಣಿಚೀಲದ ತುಂಬ ಉಣ್ಣೆ ಹೊತ್ತುಕೊಂಡು ಬಂದ.

ಕಲಿಸುವುದೆಂದರೆ ಅಪ್ಪನಿಗೆ ಕಸಿದುಕೊಳ್ಳುವುದು. ಯಾವ ಹುಡುಗಿಯ ಎಳೆ ದಪ್ಪವಾದರೂ ಛೇ ಎಂದು ತಕಲಿ ಕಸಿದು ತಾನೇ ಸರಸರ ನೂತು ಕೊಡುತ್ತಿದ್ದ. ಅರ್ಧ ತಾಸಿನಲ್ಲಿ ಅರ್ಧ ವರ್ಗ ಸುಮ್ಮನೆ ಕೂತು ಅವನನ್ನು ನೋಡುತ್ತಿತ್ತು. ಟೀಚರ್ ಹತ್ತಿರ ಹೋದರು.

"ಅಣ್ಣಾರ, ಕೈ ಹಿಂದ ಕಟ್ಟಿಕೊಳ್ರಿ."

"ಯಾಕ್ರಿ?"

"ನೀವು ನೂತರ ನಿಮ್ಮ ನೂಲ ಆಗ್ತದ್ರಿ. ಅವರದು ಹರೀಲಿ ಬಿಡ್ರಿ."

ಆ ವಯಸ್ಸಿನ ಗಂಡಸಿಗೆ ಹೀಗೆ ಹೇಳಿದವರು ಯಾರೂ ಇರಲಿಲ್ಲ. ಅಪ್ಪ ಒಂದು ಕ್ಷಣ ಅವರನ್ನು ನೋಡಿ, ಸಾವಕಾಶ ಕೈ ಹಿಂದೆ ಕಟ್ಟಿಕೊಂಡ. ಅವನ ಬೆರಳುಗಳೂ ಗಾಳಿಯಲ್ಲಿ ನೂಲತೊಡಗಿದವು. ನೂಲು ಹರಿಯಿತು, ಗಂಟಾಯಿತು, ತಕಲಿಗಳು ಉರುಳಿ ಬೆಂಚಿನ ಕೆಳಗೆ ಹೋದವು. ಗಂಟೆ ಬಾರಿಸುವ ಹೊತ್ತಿಗೆ ಬಾವಿಗೆ ಹಗ್ಗ ಬರೆದಿದ್ದ ಆ ಹುಡುಗಿ ಗೇಣುದ್ದ ಗಂಟುಗಂಟಾದ ಎಳೆಯೊಂದನ್ನು ತೆಗೆದಳು. ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದ. ತಾನು ಮೊದಲು ನೂತದ್ದೂ ಹೀಗೇ ಇತ್ತು ಎಂದು ಮರಾಠಿಯಲ್ಲಿ ಅವಳಿಗೆ ಹೇಳಿದ.

ಹೊರಗೆ ಟ್ರಂಕಿನ ಹತ್ತಿರ ಬಂದು ನಿಂತ. "ಟ್ರಂಕ ಒಳಗ ಇಡು," ಎಂದ. "ರಜಾಕ್ಕ ಬಾ, ರಜಾ ಮುಗದ ಮ್ಯಾಲ ಹೋಗು. ಮರಿ ನಾ ನೋಡಿಕೊಳ್ತೇನಿ. ನಿನ್ನ ನೂಲನೂ ನಾನ ನೂಲಾಕತ್ತಿದ್ದೆ."

ಹಾಗೆ ಉಳಿದವಳು ನಾನು. ಈಗ ಸಾಂಗ್ಲಿಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತೇನೆ. ಕೈ ಹಿಂದೆ ಕಟ್ಟಿಕೊಳ್ಳುವುದು ಎಷ್ಟು ಕಷ್ಟದ ಕೆಲಸ ಎಂಬುದು ನನಗೀಗ ಗೊತ್ತು. ವಾರಕ್ಕೊಮ್ಮೆಯಾದರೂ ಸೋಲುತ್ತೇನೆ, ಯಾವುದೋ ಮಗುವಿನ ಪೆನ್ಸಿಲ್ಲಿಗೆ ಕೈ ಹಾಕಿಬಿಡುತ್ತೇನೆ. ಆ ಮಗು ತಲೆ ಎತ್ತಿ ನೋಡುತ್ತದೆ, ಆಗ ಟೀಚರ್ ನೆನಪಾಗಿ ನಾಚಿಕೆಯಾಗುತ್ತದೆ.

ಕಳೆದ ಮಳೆಗಾಲದಲ್ಲಿ ಅವರು ಮಿರಜದ ಆಸ್ಪತ್ರೆಯಲ್ಲಿ ತೀರಿಕೊಂಡರು. ಸುದ್ದಿ ತಿಳಿದು ಅಪ್ಪ ಊರಿಂದ ಬಸ್ಸು ಹಿಡಿದು ಒಬ್ಬನೇ ಬಂದಿದ್ದ. ಪೆಟ್ಟಿಗೆಯಲ್ಲಿ ಟೀಚರ್ ಕೈಗಳನ್ನು ಎದೆಯ ಮೇಲೆ ಜೋಡಿಸಿ ಇಟ್ಟಿದ್ದರು. ಅವರ ಕೈ ಅಷ್ಟು ಹೊತ್ತು ಮುಂದೆ ಇದ್ದದ್ದನ್ನು ನಾನು ಕಂಡದ್ದು ಆವತ್ತೇ. ಹೆಬ್ಬೆರಳಿನಲ್ಲಿ ನೀಲಿ ಇರಲಿಲ್ಲ. ಅದನ್ನು ನೋಡಿ ನನಗೆ ದುಃಖ ತಡೆಯಲಾಗಲಿಲ್ಲ.

ಸ್ಮಶಾನದಲ್ಲಿ ಎಲ್ಲರೂ ಸಾಲಾಗಿ ಹೋಗಿ ಒಂದೊಂದು ಹಿಡಿ ಮಣ್ಣು ಹಾಕುತ್ತಿದ್ದರು. ಅಪ್ಪ ಮಾತ್ರ ದೂರದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ. ಅವನಿಗೆ ಈ ಪದ್ಧತಿ ಗೊತ್ತಿಲ್ಲವೇನೋ ಎಂದುಕೊಂಡು ಹತ್ತಿರ ಹೋಗಿ, ನೀನೂ ಹಾಕು ಎಂದೆ.

"ಗೊತ್ತೈತಿ," ಎಂದ. "ಇವರ ಮುಂದ ಕೈ ಬಿಚ್ಚಾಕ ಹೆದರಿಕಿ ಬರ್ತದವ್ವಾ."

ಆಮೇಲೆ ಹೋಗಿ ಒಂದು ಹಿಡಿ ಹಾಕಿದ. ಧೋತರಕ್ಕೆ ಅಂಗೈ ಒರೆಸಿಕೊಂಡು ಬಂದು ನನ್ನ ಪಕ್ಕದಲ್ಲಿ ನಿಂತು ಮತ್ತೆ ಕೈ ಹಿಂದೆ ಕಟ್ಟಿಕೊಂಡ.